ಸ್ವಂತದ್ದೇನು ಇಟ್ಟಿದ್ದಿ?

ಅವರು ಯಾವುದನ್ನೂ ಒಮ್ಮೆ ಜಗ್ಗಿ ನೋಡದೆ ಬಿಡುತ್ತಿರಲಿಲ್ಲ. ನಮ್ಮ ಆಫೀಸಿಗೆ ಮೊದಲ ದಿನ ಬಂದಾಗ, ಕೂರಲು ಕೊಟ್ಟ ಕುರ್ಚಿಯ ಬೆನ್ನನ್ನು ಎರಡು ಸಲ ಜಗ್ಗಿ ನೋಡಿ ಆಮೇಲೆ ಕುಳಿತರು. ನೀರಿನ ಬಾಟಲಿಗೆ ಮುಚ್ಚಳ ಹಾಕಿದ ಮೇಲೆ ಜಗ್ಗುವರು, ಚಾರ್ಜರಿನ ವೈರು ಜಗ್ಗುವರು, ಕಿಟಕಿಯ ಚಿಲಕ ಜಗ್ಗುವರು. ಒಮ್ಮೆ ಸಹೋದ್ಯೋಗಿಯೊಬ್ಬರು ಹೊಸ ಅಂಗಿ ಹಾಕಿಕೊಂಡು ಬಂದಾಗ ಅದರ ಗುಂಡಿಯನ್ನೂ ಜಗ್ಗಿದರು. ಗುಂಡಿ ಕೈಗೇ ಬಂತು. ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ನಗದೆ ತಮ್ಮ ಬ್ಯಾಗಿನಿಂದ ಸೂಜಿ ದಾರ ತೆಗೆದುಕೊಟ್ಟರು. ಸೂಜಿ ದಾರ ಇಟ್ಟುಕೊಂಡು ಕಂಪ್ಯೂಟರ್ ಕೆಲಸಕ್ಕೆ ಬರುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾವೆಲ್ಲ ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿ, ಮನೆಯಲ್ಲಿ ಸುಮ್ಮನೆ ಕೂತರೆ ಮೈ ಹಿಡಿದುಕೊಳ್ಳುತ್ತದೆ ಎಂದು ನಮ್ಮಲ್ಲಿಗೆ ಬಂದವರು. ಬಾಗಲಕೋಟೆಯ ನವನಗರದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲೆ ನಮ್ಮ ಆಫೀಸು. ಎರಡು ಕೋಣೆ, ಆರು ಜನ. ನಾನು ಪ್ರೋಗ್ರಾಮ್ ಬರೆಯುವವಳು, ಅವರು ಬರೆದದ್ದನ್ನು ಪರೀಕ್ಷಿಸುವವರು; ಅಂದರೆ ನಮ್ಮಿಬ್ಬರ ಜಾತಕ ಮೊದಲಿನಿಂದಲೂ ಕೂಡಿ ಬರದದ್ದು. ಹೋದ ತಿಂಗಳು ಅವರು ತೀರಿಕೊಂಡರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾಡಿದ ಕೆಲಸದ ಕೆಳಗೆ ಹೆಸರು ಹಾಕಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇದನ್ನು ಬರೆದದ್ದು ಗೊತ್ತಾದರೂ ಬೈಯುತ್ತಿದ್ದರು.

ಊರು ಇಳಕಲ್. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸು ಹತ್ತಿ, ಹುನಗುಂದ, ಕಮತಗಿ ದಾಟಿ ಹತ್ತು ಗಂಟೆಗೆ ಸರಿಯಾಗಿ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಒಳಗೆ ಬಂದವರೇ 'ಶರಣ್ರಿ' ಎಂದು ಎಲ್ಲರಿಗೂ ಕೂಡಿಯೇ ಒಂದು ನಮಸ್ಕಾರ. ಕೊರಳಿನ ಶಿವದಾರವನ್ನೂ ಸ್ನಾನವಾದ ಮೇಲೆ ಒಮ್ಮೆ ಜಗ್ಗಿ ನೋಡಿಯೇ ಅಂಗಿ ಹಾಕುತ್ತಿದ್ದರಂತೆ. ಇದನ್ನು ಅವರ ಮಗಳು ಹೇಳಿದ್ದು.

ಈ ಜಗ್ಗುವ ಚಟ ಬಂದದ್ದು ಅವರ ತಂದೆಯಿಂದ. ತಂದೆ ಇಳಕಲ್ ಸೀರೆ ನೇಯುತ್ತಿದ್ದವರು. ಆ ಸೀರೆಯ ಮೈಯ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಎರಡನ್ನೂ ಬೇರೆ ಬೇರೆ ಸಿದ್ಧ ಮಾಡಿಕೊಂಡು, ಮಗ್ಗದ ಮೇಲೆ ಒಂದೊಂದೇ ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ಪ್ರತಿ ಸೀರೆಗೂ ಹೊಸದಾಗಿ ಜೋಡಿಸಬೇಕು. ಜೋಡಣೆ ಮುಗಿದ ಮೇಲೆ ತಂದೆ ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದರಂತೆ. "ಸೀರಿ ಮೈಯಾಗ ಹರಿಯೂದಿಲ್ಲ ತಂಗಿ, ಜೋಡಿನ್ಯಾಗ ಬಿಡತೈತಿ. ನೀ ಬರದದ್ದೂ ಹಂಗ. ನಿನ್ನ ಕೋಡ್ ಛಲೋ ಇರತೈತಿ, ಅವರ ಕಂಪ್ಯೂಟರೂ ಛಲೋ ಇರತೈತಿ. ಎರಡೂ ಕೂಡೂ ಜಾಗಾದಾಗ ಬಿಡತೈತಿ" ಎಂದು ನನಗೆ ಹೇಳಿದ್ದರು. ನನ್ನ ವಯಸ್ಸಿನ ಹೆಣ್ಣುಮಕ್ಕಳೆಲ್ಲ ಅವರಿಗೆ ತಂಗಿಯರೇ.

ಬರೆದವರ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮೂ ಚೆನ್ನಾಗಿಯೇ ನಡೆಯುತ್ತದೆ. ಅದಕ್ಕೆ ಅವರು ಆಫೀಸಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟಿದ್ದರು. ಅದರಲ್ಲಿ ನಮ್ಮ ಯಾರ ಹೆಸರೂ ಇರಲಿಲ್ಲ, ಯಾರ ಫೈಲೂ ಇರಲಿಲ್ಲ. ಅದಕ್ಕೆ ಬೀಗರು ಎಂದು ಹೆಸರಿಟ್ಟಿದ್ದರು. "ತವರಮನ್ಯಾಗ ಎಲ್ಲಾರೂ ಶಾಣ್ಯಾರ. ಬೀಗರ ಮನಿಗೆ ಕಳಿಸಿ ನೋಡೂಣು" ಎನ್ನುವರು. ಗಂಡಸರು ಗಂಡನ ಮನೆಯ ಉಪಮೆ ತೆಗೆದರೆ ನನಗೆ ನೆತ್ತಿಗೇರುತ್ತದೆ. "ನೀವು ಯಾವ ಬೀಗರ ಮನ್ಯಾಗ ಬಾಳೆ ಮಾಡೀರಿ ಸರ್?" ಎಂದು ಕೇಳಿಯೇಬಿಟ್ಟಿದ್ದೆ. ಅವರು ಒಂದು ಕ್ಷಣ ಯೋಚಿಸಿ, "ಖರೆ, ನನಗೇನ ಗೊತ್ತು" ಎಂದರು. ಹೆಸರು ಮಾತ್ರ ಬದಲಾಗಲಿಲ್ಲ. ಬೀಗರು ಚಾಲೂ ಆಗಲು ಮುಕ್ಕಾಲು ಗಂಟೆ ಬೇಕು, ಅದೂ ಅವರ ಮನಸ್ಸಿದ್ದರೆ.

ಅವರದೇ ಇನ್ನೊಂದು ಕಟ್ಟಳೆ ಇತ್ತು. ಅದೇ ಈ ಬರಹದ ಮುಖ್ಯ ಸಂಗತಿ. ಪ್ರತಿ ಬಿಡುಗಡೆಗೆ ಒಂದು ಕಾಗದದ ಹಾಳೆ. ಅದರ ಮೇಲರ್ಧ ಬರೆದವರದು, ಕೆಳಗಿನರ್ಧ ಮಾಸ್ತರರದು. ಮೇಲೆ, ಬೀಗರ ಕಡೆ ಹೋಗಿ ಬಂತೇ ಎಂಬುದರ ಪಕ್ಕದಲ್ಲಿ 'ಸ್ವಂತದ್ದೇನು ಇಟ್ಟಿದ್ದಿ?' ಎಂಬ ಸಾಲು. ಅಂದರೆ ಪರೀಕ್ಷೆ ಮಾಡುವ ಫೋಲ್ಡರಿನಲ್ಲಿ ನಿನಗೆ ಪ್ರೀತಿಯ, ಕಳೆದುಹೋದರೆ ಹೊಟ್ಟೆ ಉರಿಯುವ ಏನಾದರೊಂದನ್ನು ಇಡಬೇಕು. ಅದನ್ನು ಇಟ್ಟು ನಡೆಸಬೇಕು. ಏನು ಇಟ್ಟೆ ಎಂದು ಬರೆಯಬೇಕು. ಒಬ್ಬರು 'ಮದುವೆ ಫೋಟೋ' ಎಂದು ಬರೆದು ಪಕ್ಕದಲ್ಲಿ 'ಹೋದರೂ ಪರವಾಗಿಲ್ಲ' ಎಂದು ಸೇರಿಸಿದ್ದರು. ಮಾಸ್ತರು ಹಾಳೆ ವಾಪಸ್ಸು ಕೊಟ್ಟು, "ಹೋದ್ರ ಅಳು ಬರೂವಂಥಾದ್ದು ಇಡ್ರಿ" ಎಂದಿದ್ದರು.

ಮಾಸ್ತರರ ಅರ್ಧದಲ್ಲೂ ಅದೇ ಪ್ರಶ್ನೆ, ಅದರ ಕೆಳಗೆ ಇನ್ನೊಂದು: 'ನಕಲು?' ಅವರು ತಮ್ಮ ಸರದಿಯ ಪರೀಕ್ಷೆಯನ್ನು ಸ್ವಂತ ಲ್ಯಾಪ್‌ಟಾಪಿನಲ್ಲೇ, ಸ್ವಂತ ಸಾಮಾನಿನ ನಡುವೆಯೇ ಮಾಡುತ್ತಿದ್ದರು. ಅದಕ್ಕೆ ಮೊದಲು ಎಲ್ಲದರ ಒಂದು ನಕಲನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬನ್ನು ತಟ್ಟಿ, ಹಾಳೆಯಲ್ಲಿ 'ತಗೊಂಡೀನಿ' ಎಂದು ಬರೆಯುವರು. "ಬಾವಿಗೆ ಇಳೀಬೇಕು, ಇಳೀದ ನೀರ ಗೊತ್ತಾಗೂದಿಲ್ಲ. ಆದ್ರ ನಡಕ್ಕ ಹಗ್ಗ ಇರಬೇಕಲಾ" ಎನ್ನುವರು.

ಅವರ ಸ್ವಂತದ್ದು ಏನೆಂದರೆ, ಸೀರೆಯ ದಡಿಗಳು, ಅಂದರೆ ಅಂಚಿನ ವಿನ್ಯಾಸಗಳು. ಭಾನುವಾರ ಬಂದರೆ ಇಳಕಲ್ಲಿನಲ್ಲೋ ಕಮತಗಿಯಲ್ಲೋ ಯಾರದಾದರೂ ಮನೆಗೆ ಹೋಗಿ, ಹಿರಿಯ ಹೆಂಗಸರನ್ನು ಕೇಳಿ ಹಳೆಯ ಟ್ರಂಕು ತೆಗೆಸಿ, ಸೀರೆಯ ದಡಿಯನ್ನು ನೆಲದ ಮೇಲೆ ಹರವಿಕೊಂಡು ಎಳೆ ಎಳೆ ಎಣಿಸಿ, ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದುಕೊಳ್ಳುತ್ತಿದ್ದರು. ಯಾವ ಮನೆ, ಯಾರ ಮದುವೆಯ ಸೀರೆ, ನೇಯ್ದವರು ಯಾರು, ಎಲ್ಲವೂ ಅದರಲ್ಲಿ. "ಯಾತಕ್ಕ ಸರ್ ಇವೆಲ್ಲ?" ಎಂದು ಒಮ್ಮೆ ಕೇಳಿದೆ. "ನಮ್ಮಪ್ಪ ನೇಯ್ದ ಒಂದು ದಡಿ ಎಲ್ಲಿಯೂ ಉಳದಿಲ್ಲ. ಅದನ್ನ ಹುಡುಕಾಕ ಹೊಂಟೆ. ಹೊಂಟ ಮ್ಯಾಲ ಮಂದೀ ಅಪ್ಪಗೋಳ ದಡಿ ಸಿಕ್ಕು" ಎಂದರು. ಆ ಫೋಲ್ಡರಿನ ಹೆಸರು 'ದಡಿ' ಎಂದಷ್ಟೇ ಇತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹೋದ ವರ್ಷ ನಾನು ಒಂದು ಪ್ಲಗಿನ್ ಬರೆದೆ. ಈಗ ಪ್ರೋಗ್ರಾಮ್ ಬರೆಯುವವರ ಕಂಪ್ಯೂಟರಿನಲ್ಲಿ ಒಂದು ಎಐ ಸಹಾಯಕ ಇರುತ್ತದೆ. ಬೇಕಾದದ್ದನ್ನು ಮಾತಿನಲ್ಲಿ ಹೇಳಿದರೆ ಕೋಡ್ ಬರೆದುಕೊಡುತ್ತದೆ, ಫೈಲು ತೆರೆಯುತ್ತದೆ, ಅಳಿಸುತ್ತದೆ. ಕೆಲಸಕ್ಕೆ ಒಳ್ಳೆಯ ಆಳು, ಆದರೆ ಈ ಮನೆಯ ರೀತಿ ರಿವಾಜು ಗೊತ್ತಿಲ್ಲದ ಆಳು. ಆ ರೀತಿ ರಿವಾಜುಗಳನ್ನು ಬರೆದು ಅದಕ್ಕೆ ತಗುಲಿಸುವ ಸಣ್ಣ ಗಂಟೇ ಪ್ಲಗಿನ್. ಯಾವ ಕೆಲಸಕ್ಕೆ ಮೊದಲು ಏನನ್ನು ನೋಡಬೇಕು, ಮುಗಿದ ಮೇಲೆ ಏನನ್ನು ಪರೀಕ್ಷಿಸಬೇಕು, ಎಲ್ಲ ಅದರಲ್ಲಿ ಇರುತ್ತದೆ. ನನ್ನ ಪ್ಲಗಿನ್ ಪ್ರತಿ ಕೆಲಸಕ್ಕೆ ಮೊದಲು ತನ್ನ ಹಳೆಯ ಕಸವನ್ನು, ಅಂದರೆ ಹಿಂದಿನ ಕೆಲಸದಲ್ಲಿ ಉಳಿದ ತಾತ್ಕಾಲಿಕ ಫೈಲುಗಳನ್ನು, ತಾನೇ ಗುಡಿಸಿಕೊಳ್ಳುತ್ತಿತ್ತು. ಯಾರೂ ಕೇಳದಿದ್ದರೂ ಜಂಬಕ್ಕೆ ಸೇರಿಸಿದ್ದು ಅದು.

ಅಲ್ಲಿಯವರೆಗೆ ನಾವು ಬೇರೆಯವರು ಕೊಟ್ಟ ತುಂಡು ಕೆಲಸ ಮಾಡಿಕೊಂಡಿದ್ದವರು. ನಮ್ಮದು ಎಂದು ಹೊರಗೆ ಹೋಗುವ ಮೊದಲ ವಸ್ತು ಈ ಪ್ಲಗಿನ್. ಹುಬ್ಬಳ್ಳಿಯ ಒಂದು ಕಂಪನಿಯವರು ಅದನ್ನು ತಮ್ಮ ಪ್ರೋಗ್ರಾಮರುಗಳಿಗೆಲ್ಲ ಹಾಕಿಸಲು ಒಪ್ಪಿದ್ದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಬಿಡುಗಡೆ. ಆಫೀಸು ನಡೆಸುವ ಶೈಲಾ ಮೇಡಂ ಗುರುವಾರ ಮಧ್ಯಾಹ್ನವೇ ನನ್ನ ಮೇಜಿನ ಮುಂದೆ ಬಂದು ನಿಂತರು. "ಹಾಳಿ ಇವತ್ತ ಮಾಸ್ತರ ಮೇಜಿನ ಮ್ಯಾಲ ಇರಬೇಕು ಗಿರಿಜಾ. ನಾಳೆ ಒಂದ ತಾಸೂ ತಡ ಆಗಬಾರದು" ಎಂದರು.

ಬೀಗರನ್ನು ಚಾಲೂ ಮಾಡಿದೆ. ಪರದೆಯ ಮೇಲೆ ಬಿಳಿಯ ಗಾಲಿ ತಿರುಗತೊಡಗಿತು. ಅರ್ಧ ಗಂಟೆಯಾದರೂ ತಿರುಗುತ್ತಲೇ ಇತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿಲ್ಲ. ನನ್ನ ಕಂಪ್ಯೂಟರಿನಲ್ಲಿ ಅದನ್ನು ಎಷ್ಟು ಸಲ ನಡೆಸಿಲ್ಲ? ಒಮ್ಮೆಯಾದರೂ ತಪ್ಪಿದೆಯೇ? ಇಷ್ಟು ವರ್ಷ ಕೋಡ್ ಬರೆದವಳ ಮಾತಿಗಿಂತ ಈ ಮುದಿ ಡಬ್ಬಿಯ ಮಾತು ಹೆಚ್ಚೇ? ಬೀಗರನ್ನು ಬಂದ್ ಮಾಡಿದೆ. ಹಾಳೆ ತೆಗೆದುಕೊಂಡು, ಬೀಗರ ಕಡೆ ಹೋಗಿ ಬಂತೇ ಎಂಬುದರ ಮುಂದೆ 'ಹೌದು' ಎಂದು ಬರೆದೆ. 'ಸ್ವಂತದ್ದೇನು ಇಟ್ಟಿದ್ದಿ?' ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ 'ಮಗಳ ಫೋಟೋ' ಎಂದು ಬರೆದೆ. ಮನಸ್ಸಿಗೆ ಮೊದಲು ಬಂದದ್ದು ಅದೇ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವಳು ಹುಟ್ಟಿದ ದಿನದಿಂದ ತೆಗೆದ ಫೋಟೋಗಳೆಲ್ಲ ನನ್ನ ಹತ್ತಿರ ಇದ್ದವು. ಅವು ಇದ್ದಲ್ಲಿಂದ ಒಂದಿಂಚೂ ಅಲುಗಿರಲಿಲ್ಲ.

ಶುಕ್ರವಾರ ಹತ್ತಕ್ಕೆ ಮಾಸ್ತರು ಬಂದರು, ಶರಣ್ರಿ ಎಂದರು, ಹಾಳೆ ಕೈಗೆತ್ತಿಕೊಂಡರು. ಕನ್ನಡಕ ಮೇಲೆ ಮಾಡಿ ಓದಿದರು. ನಾನು ಚಹಾದ ಲೋಟದ ಕಡೆ ನೋಡುತ್ತಿದ್ದೆ.

"ಬೀಗರ ಕಡೆ ಹೋಗಿ ಬಂತೇನ ತಂಗಿ?"

"ಹೋಗಿ ಬಂತ್ರಿ ಸರ್."

"ಮಗಳ ಫೋಟೋ ಇಟ್ಟಿದ್ದಿ?"

"ಹೂಂನ್ರಿ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅದರಲ್ಲಿ ಸಂಶಯವಿರಲಿಲ್ಲ, ಸಂಶಯವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಒಂದು ಥರದ ಸಮಾಧಾನ, ತಕರಾರು ಮಾಡುತ್ತಿದ್ದ ಶಿಷ್ಯೆ ಕಡೆಗೂ ದಾರಿಗೆ ಬಂದಳಲ್ಲ ಎಂಬಂಥದ್ದು. "ಹಂಗಾರ ಆತು" ಎಂದರು. ಹಾಳೆಯ ಮೇಲೆ ಏನೋ ಬರೆದು, ಲ್ಯಾಪ್‌ಟಾಪ್ ತೆರೆದರು.

ನಾನು ಒಳಕೋಣೆಗೆ ಹೋದೆ. ಸಂಜೆ ಹುಬ್ಬಳ್ಳಿಯವರಿಗೆ ತೋರಿಸುವುದನ್ನು ಸಿದ್ಧ ಮಾಡಬೇಕಿತ್ತು. ಕೈಗೆ ಕೆಲಸ ಹತ್ತಲಿಲ್ಲ. ಅವರ ಆ ನೋಟ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಕೊನೆಗೆ, ಯಾರಿಗೂ ಹೇಳದೆ ಬೀಗರನ್ನು ಒಳಕೋಣೆಗೆ ತಂದುಕೊಂಡು ಚಾಲೂ ಮಾಡಿದೆ. ಬರೆದ ಸುಳ್ಳನ್ನು ಈಗಲಾದರೂ ಖರೆ ಮಾಡಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂಬ ಲೆಕ್ಕ.

ಬಿಳಿಯ ಗಾಲಿ ತಿರುಗಿತು. ತೆರೆದ ಬಾಗಿಲಿನಿಂದ ಮಾಸ್ತರರ ಬೆನ್ನು ಕಾಣುತ್ತಿತ್ತು. ಅವರು ಅವಸರ ಮಾಡುವವರೇ ಅಲ್ಲ. ಒಂದೊಂದು ಸಾಲು ಓದಿ, ಪ್ಲಗಿನ್ ಅನ್ನು ಹೊರಗಿನವರು ಇಳಿಸಿಕೊಳ್ಳುವ ಹಾಗೆಯೇ ಇಳಿಸಿಕೊಳ್ಳುತ್ತಿದ್ದರು. ಇತ್ತ ಗಾಲಿ ತಿರುಗುತ್ತಲೇ ಇತ್ತು. ಶೈಲಾ ಮೇಡಂ ನಡುವೆ ಇಣುಕಿ, "ಮುಗೀತೇನ?" ಎಂದರು. "ಮುಗ್ಯಾಕ ಬಂತ್ರಿ" ಎಂದೆ. ಮಾಸ್ತರು ಕುರ್ಚಿಯನ್ನು ಮುಂದೆ ಎಳೆದುಕೊಂಡ ಸದ್ದು ಕೇಳಿತು.

ಬೀಗರು ಕಣ್ಣು ಬಿಟ್ಟರು. ಒಂದು ಫೋಲ್ಡರ್ ಮಾಡಿ, ಅದರಲ್ಲಿ ಕೆಲಸಕ್ಕೆ ಬಾರದ ನಾಲ್ಕೈದು ಫೈಲು ಹಾಕಿ, ಪ್ಲಗಿನ್ ಇಳಿಸಿಕೊಂಡು, ಆ ಫೋಲ್ಡರಿನೊಳಗಿಂದಲೇ ಸಹಾಯಕಕ್ಕೆ ಒಂದು ಸಣ್ಣ ಕೆಲಸ ಹೇಳಿದೆ. ಅದು ವಿನಯದಿಂದ ಉತ್ತರ ಕೊಟ್ಟಿತು. ಎಲ್ಲ ಸರಿ ಇದೆ ಎಂದು ಉಸಿರು ಬಿಟ್ಟು ಫೋಲ್ಡರಿನ ಕಡೆ ನೋಡಿದೆ. ಖಾಲಿ. ಒಂದು ಫೈಲೂ ಇಲ್ಲ.

ಕ್ಷಣದಲ್ಲಿ ಅರ್ಥವಾಯಿತು. ಕಸ ಎಲ್ಲಿದೆ ಎಂಬ ವಿಳಾಸವನ್ನು ನಾನು ಪ್ಲಗಿನ್ನಿನೊಳಗೆ ಬರೆದಿರಲೇ ಇಲ್ಲ. ಅದು ನನ್ನ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ, ಎಂದೋ ಬರೆದಿಟ್ಟು ಮರೆತ ಒಂದು ಸಾಲಿನಲ್ಲಿ ಇತ್ತು. ಅದಕ್ಕೇ ನನ್ನಲ್ಲಿ ನೂರು ಸಲವೂ ಸರಿಯಾಗಿ ಗುಡಿಸಿತ್ತು. ಬೇರೆಯವರಲ್ಲಿ ಆ ಸಾಲಿಲ್ಲ, ವಿಳಾಸ ಖಾಲಿ. ವಿಳಾಸ ಖಾಲಿ ಇದ್ದರೆ ಪೊರಕೆ ತಾನು ನಿಂತ ಜಾಗವನ್ನೇ ಕಸವೆಂದು ತಿಳಿದು ಗುಡಿಸಿಬಿಡುತ್ತದೆ. ಕಸದ ಬುಟ್ಟಿಗೂ ಹಾಕುವುದಿಲ್ಲ, ನೇರ ಅಳಿಸುತ್ತದೆ.

"ಸರ್, ತಡೀರಿ!" ಎಂದು ಕೂಗುತ್ತಾ ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು.

ಮಾಸ್ತರು ಆಗಲೇ ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪರದೆಯ ಮೇಲೆ 'ದಡಿ' ತೆರೆದಿತ್ತು. ಅದರಲ್ಲಿ ಏನೂ ಇರಲಿಲ್ಲ. ಅವರು ನನ್ನ ಕಡೆ ತಿರುಗಲಿಲ್ಲ. "ತಂಗಿ, ಇನ್ನೊಮ್ಮಿ ಮಾಡಬೇಕಾತು" ಎಂದರು. ಒಂದು ಸಣ್ಣ ತಪ್ಪು ಸಿಕ್ಕಾಗ ಹೇಳುತ್ತಿದ್ದ ಮಾತೇ ಅದು, ಅದೇ ದನಿಯಲ್ಲಿ.

"ನಕಲು ತಗೊಂಡೀರಲ್ರಿ ಸರ್?" ಎಂದೆ. ಅವರ ಅಂಗಿಯ ಜೇಬಿನ ಕಡೆ ನೋಡಿದೆ. ಜೇಬು ಚಪ್ಪಟೆಯಾಗಿತ್ತು.

"ಮರ್ತೆ" ಎಂದರು. "ವಯಸ್ಸಾತಲ್ಲ ತಂಗಿ." ಮೇಜಿನ ಮೇಲಿದ್ದ ಹಾಳೆಯನ್ನು ಎರಡು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಕೂಗು ಕೇಳಿ ಮೇಡಂ ಓಡಿ ಬಂದರು. "ಏನಾತ್ರಿ ಮಾಸ್ತರ?"

"ಜೋಡು ಬಿಟ್ಟೈತ್ರಿ. ಇವತ್ತ ಬ್ಯಾಡ."

"ನಾಕಕ್ಕ ಅವರು ಕೂತಿರತಾರ್ರೀ! ಬೀಗರ ಕಡೆ ಹೋಗಿ ಬಂದೈತಿ ಅಂತ ಗಿರಿಜಾ ಬರದಿದ್ಲಲಾ?"

ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, "ಬೀಗರು ಒಮ್ಮೊಮ್ಮೆ ಸುಮ್ಮನಿರತಾರ್ರಿ. ನನ್ನ ಮಶೀನಿನ್ಯಾಗ ಬಿಟ್ಟೈತಿ. ಸೋಮವಾರ ಅಂತ ಹೇಳ್ರಿ ಅವರಿಗೆ" ಎಂದರು. ಮೇಡಂ ಹಣೆ ಹಿಡಿದುಕೊಂಡು ಫೋನ್ ಮಾಡಿದರು. ನಾನು ಬಾಯಿ ಬಿಡಲಿಲ್ಲ. ಇಂದಿಗೂ ಆ ಮೌನ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಮಾಷೆಯೆಂದರೆ, ಹುಬ್ಬಳ್ಳಿಯವರು 'ಸೋಮವಾರ ಆದರೆ ಸೋಮವಾರ' ಎಂದರು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಳಿಸಿಹೋದ ಫೈಲುಗಳನ್ನು ತೆಗೆಯುವ ಉಪಾಯಗಳನ್ನೆಲ್ಲ ಶನಿವಾರ, ಭಾನುವಾರ ಮಾಡಿ ನೋಡಿದೆ. ಅರೆಬರೆ ಚೌಕಗಳು ಸಿಕ್ಕವು, ಮೇಲಿನ ಸಾಲು ಒಂದು ಸೀರೆಯದು, ಕೆಳಗಿನದು ಇನ್ನೊಂದರದು. ಪುಣ್ಯಕ್ಕೆ ಅವರ ಮನೆಯಲ್ಲಿ ಯುಗಾದಿಯ ಹೊತ್ತಿಗೆ, ಹಿಂದಿನ ಬಿಡುಗಡೆಯ ಸಲ ತೆಗೆದ ಹಳೆಯ ನಕಲು ಪೆನ್‌ಡ್ರೈವಿನಲ್ಲಿತ್ತು. ಹೋದದ್ದು ಆಮೇಲಿನದು. ಅಂದರೆ ಕಮತಗಿಯ ಮನೆಗಳಲ್ಲಿ ಕೂತು ಬರೆದ ದಡಿಗಳೆಲ್ಲ.

ಸೋಮವಾರ ಪ್ಲಗಿನ್ ಬಿಡುಗಡೆಯಾಯಿತು. ಅದನ್ನು ಬೀಗರಲ್ಲಿ ನಾನೇ ಕೂತು ನಡೆಸಿದ್ದೆ, ಪೊರಕೆಯನ್ನು ಪೂರ್ತಿ ಕಿತ್ತು ಹಾಕಿದ್ದೆ. ಮುಂದಿನ ಭಾನುವಾರ ಮಾಸ್ತರರಿಗೆ ಫೋನ್ ಮಾಡಿ, ಕಮತಗಿಗೆ ನಾನೂ ಬರುತ್ತೇನೆ ಎಂದೆ. "ರಜಾ ದಿನ ಮಗಳ ಕೂಡ ಇರವಾ" ಎಂದರು. ಹಟ ಹಿಡಿದೆ. ಹಾಗೆ ಆರೇಳು ಭಾನುವಾರ ಅವರ ಜೊತೆ ತಿರುಗಿದೆ. ಅವರು ಎಳೆ ಎಣಿಸಿ ಹೇಳುವರು, ನಾನು ಚೌಕ ತುಂಬುವೆ. ಎಣಿಸುವಾಗ ಅವರ ತುಟಿ ಮಾತ್ರ ಅಲುಗುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಸಿಟ್ಟಾಗದೆ ಮತ್ತೆ ಮೊದಲಿನಿಂದ ಎಣಿಸುವರು. ಹಿಂದೆ ಒಮ್ಮೆ ಬರೆದುಕೊಂಡು ಹೋದವರು ಮತ್ತೆ ಯಾಕೆ ಬಂದರು ಎಂದು ಹೆಂಗಸರು ಕೇಳಿದರೆ, "ನಂದ ಅಕ್ಷರ ನನಗ ತಿಳೀವಲ್ಲದ್ರಿ" ಎನ್ನುವರು.

ಎಲ್ಲವೂ ಸಿಕ್ಕವು, ಒಂದನ್ನು ಬಿಟ್ಟು. ಕಮತಗಿಯ ಒಬ್ಬ ಮುದುಕಿಯ ಸೀರೆ. ಟ್ರಂಕು ತೆಗೆಯಿರಿ ಎಂದರೆ ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಮಾಸ್ತರ, ನೀವು ಬರಕೊಂಡ ಹೋದ್ರಿ ಅಂತ ನಾ ಅದನ್ನ ಕೌದಿಗೆ ಹಾಕಿಬಿಟ್ಟೆ. ಹ್ಯಾಂಗೂ ಉಳೀತಲ್ಲ ಅಂತ ಮಾಡಿದ್ನೆಪಾ" ಎಂದಳು. ಒಳಗಿನಿಂದ ಕೌದಿ ತಂದು ಹರವಿದಳು. ನಾಲ್ಕೈದು ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಉದ್ದಕ್ಕೂ ಅಗಲಕ್ಕೂ ಹೊಲಿದ ಗಟ್ಟಿ ಹೊದಿಕೆ. ಆ ದಡಿ ಒಳಪದರದಲ್ಲಿ ಎಲ್ಲೋ ಇತ್ತು. ಅಂಚಿನಲ್ಲಿ ನಾಲ್ಕು ಬೆರಳಗಲ ಮಾತ್ರ ಇಣುಕುತ್ತಿತ್ತು. "ಹೊಲಿಗಿ ಬಿಚ್ಚಲ್ರಿ?" ಎಂದು ಮುದುಕಿ ಕೇಳಿದಳು. ಬಿಚ್ಚಿದರೆ ಕೌದಿಯೂ ಹೋಗುತ್ತಿತ್ತು, ಕತ್ತರಿಸಿದ ಸೀರೆಯಲ್ಲಿ ದಡಿಯೂ ಪೂರ್ತಿ ಸಿಗುತ್ತಿರಲಿಲ್ಲ. ಮಾಸ್ತರು ಆ ನಾಲ್ಕು ಬೆರಳನ್ನು ಸವರಿದರು. ಅಭ್ಯಾಸಬಲದಿಂದ ಅಂಚನ್ನು ಹಿಡಿದು ಸಣ್ಣಗೆ ಜಗ್ಗಿದರು. ಹೊಲಿಗೆ ಗಟ್ಟಿಯಾಗಿತ್ತು. "ಬ್ಯಾಡ್ರಿ, ಹೊಚಗೋರಿ. ಥಂಡಿ ಬರತೈತಿ" ಎಂದರು.

ವಾಪಸ್ಸು ಬಸ್ಸಿಗೆ ಕಾಯುತ್ತಾ ನಿಂತಾಗ ನನ್ನಿಂದ ತಡೆಯಲಾಗಲಿಲ್ಲ. "ಸರ್, ನಾ ಫೋಟೋ ಇಟ್ಟಿದ್ದಿಲ್ರಿ. ಬೀಗರ ಕಡೆನೂ ಕಳಿಸಿದ್ದಿಲ್ಲ. ಸುಳ್ಳ ಬರದಿದ್ದೆ" ಎಂದೆ. ಹೇಳುತ್ತಲೇ ಅಳು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದರು.

"ಗೊತ್ತೈತಿ."

"ಯಾವಾಗ ಗೊತ್ತಾತ್ರಿ?"

"ಫೋಲ್ಡರ್ ಖಾಲಿ ಆದಾಗ." ಅವರು ಬ್ಯಾಗಿನ ಹಿಡಿಕೆಯನ್ನು ಎರಡು ಸಲ ಜಗ್ಗಿ ಹೆಗಲಿಗೆ ಹಾಕಿಕೊಂಡರು. "ಸುಳ್ಳ ಬರದದ್ದು ನಿಂದು. ಅದನ್ನ ನೀ ತಿದ್ದಿಕೊ. ನಕಲು ಮರ್ತದ್ದು ನಂದು. ಹಗ್ಗ ಇಲ್ಲದ ಬಾವಿಗೆ ಇಳದಾಂವಾ ನಾನ. ಅದನ್ನ ನಿನ್ನ ತಲಿ ಮ್ಯಾಲ ಹೊರಬ್ಯಾಡ."

ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ, ಅದು ನನಗೆ ಬಹಳ ಅನುಕೂಲದ ಮಾತಾಗಿತ್ತು. ತಪ್ಪು ಅರ್ಧ ನನ್ನದು, ಅರ್ಧ ಅವರದು. ಮರೆಯದೆ ನಕಲು ತೆಗೆದುಕೊಂಡಿದ್ದರೆ ಏನೂ ಹೋಗುತ್ತಿರಲಿಲ್ಲವಲ್ಲ ಎಂದು ಮನಸ್ಸು ಎಷ್ಟೋ ಸಲ ಲಾಯರನ ಹಾಗೆ ವಾದಿಸಿತು. ಆಮೇಲಿನ ಪ್ರತಿ ಹಾಳೆಗೂ ನಾನು ಖರೆಯಾಗಿಯೇ ಮಗಳ ಫೋಟೋ ಇಟ್ಟೆ. ನಡೆಸುವ ಗುಂಡಿ ಒತ್ತುವ ಮುನ್ನ ಕೈ ನಡುಗುತ್ತಿತ್ತು. ನಡುಗಿದ್ದಕ್ಕೇ ಇನ್ನೊಮ್ಮೆ ಓದುತ್ತಿದ್ದೆ. ಓದಿದಾಗ ಎರಡು ಸಲ ತಪ್ಪು ಸಿಕ್ಕಿತು. ಆ ನಡುಕಕ್ಕಾಗಿಯೇ ಅವರು ಆ ಸಾಲು ಬರೆಸುತ್ತಿದ್ದರು ಎಂದು ನನಗೆ ತಿಳಿದದ್ದು ಆಗ.

ಹೋದ ತಿಂಗಳು ಒಂದು ಬೆಳಿಗ್ಗೆ, ಬಸ್ಸಿಗೆಂದು ಚಪ್ಪಲಿ ಮೆಟ್ಟುವಾಗ ಕುಸಿದರಂತೆ. ನಾವೆಲ್ಲ ಇಳಕಲ್ಲಿಗೆ ಹೋಗಿ ಬಂದೆವು. ಮೊನ್ನೆ ಅವರ ಮಗಳು ಆಫೀಸಿಗೆ ಬಂದಿದ್ದರು. ಹುನಗುಂದದಲ್ಲಿ ಶಾಲಾ ಶಿಕ್ಷಕಿ, ತಂದೆಯದೇ ಕಣ್ಣು. ಮಾಸ್ತರರ ಬ್ಯಾಗು ಮೇಜಿನ ಮೇಲಿಟ್ಟು, "ಅಪ್ಪಾರ ಹಾಳಿ ಅದಾವ್ರಿ. ಆಫೀಸಿಂದು ಮನ್ಯಾಗ ಇರಬಾರದು ಅಂತ ಅಂತಿದ್ರು" ಎಂದರು. ಶೈಲಾ ಮೇಡಂ ಆಕೆಗೆ ಚಹಾ ತರಿಸಿದರು. ನಾನು ಹಾಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಎಲ್ಲವೂ ಸಾಫಾಗಿದ್ದವು. ಒಂದು ಮಾತ್ರ ಎರಡು ಮಡಿಕೆಯಾಗಿತ್ತು.

ಬಿಚ್ಚಿದೆ. ಮೇಲರ್ಧದಲ್ಲಿ ನನ್ನ ಅಕ್ಷರ: 'ಹೌದು.' 'ಮಗಳ ಫೋಟೋ.' ಕೆಳಗಿನರ್ಧದಲ್ಲಿ ಅವರ ದುಂಡು ಅಕ್ಷರ. ಸ್ವಂತದ್ದು: 'ದಡಿ'. ನಕಲು ಎಂಬುದರ ಮುಂದೆ, ಎಲ್ಲ ಹಾಳೆಗಳಲ್ಲಿ 'ತಗೊಂಡೀನಿ' ಎಂದಿರುವಲ್ಲಿ, 'ಬೇಕಾಗಿಲ್ಲ. ತಂಗಿ ತನ್ನ ಮಗಳ ಫೋಟೋ ಇಟ್ಟು ನೋಡ್ಯಾಳ.'

ಅವರು ಮರೆತಿರಲಿಲ್ಲ.

"ಏನ್ರಿ ಅದು?" ಎಂದು ಮಗಳು ಕೇಳಿದರು. ಮಡಚಿ ಒಳಗಿಟ್ಟು, ಏನಿಲ್ಲ, ಆಫೀಸಿಂದು ಎಂದುಬಿಡಬಹುದಿತ್ತು. ಹಾಳೆಯನ್ನು ಮೇಡಂ ಮತ್ತು ಆಕೆಯ ನಡುವೆ ಇಟ್ಟೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಗಟ್ಟಿಯಾಗಿ ಓದಿದೆ. ಆಮೇಲೆ, "ನಾ ಫೋಟೋ ಇಟ್ಟಿದ್ದಿಲ್ರಿ" ಎಂದೆ.

ಮಗಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ನಮಗೂ ಮರ್ತೆ ಅಂತಾನ ಹೇಳಿದ್ರು" ಎಂದರು. "ಇಷ್ಟ ವರ್ಷದಾಗ ಅಪ್ಪ ನಕಲು ಮರ್ತಾಂವ ಅಲ್ಲ. ಭಾಳ ಹೆದರಿಕಿ ಆತ್ರಿ ನಮಗ. ಮರವು ಸುರು ಆತು ಅಂತ ದವಾಖಾನಿಗೆ ಕರಕೊಂಡ ಹೋಗಿದ್ವಿ. ಡಾಕ್ಟರು ಏನೇನೋ ಪ್ರಶ್ನೆ ಕೇಳಿದ್ರು. ಇವತ್ತ ಯಾವ ವಾರ, ನೂರರಾಗ ಏಳ ತೆಗದ್ರ ಎಷ್ಟು ಅಂತ. ಎಲ್ಲಾ ಹೇಳಿದ್ರು. ಆದ್ರೂ ಮರವಿಗೆ ಗುಳಗಿ ಬರಕೊಟ್ರು."

"ತಗೊಂಡ್ರೇನ್ರಿ?" ಎಂದು ಕೇಳಿದೆ.

"ಹೂಂನ್ರಿ. ದಿನಾ ಊಟಾದ ಮ್ಯಾಲ ನಮ್ಮ ಮುಂದನ ನುಂಗತಿದ್ರು."